ಕಾಕಾನ ಅಳತೆಯ ಮುಖವಾಡ

ಗೆಳೆಯರೇ, ರೋಗಿಯನ್ನು ಮಾತಾಡಿಸಲು ಬರುವವರು ತಂಬಾಕಿನ ಸಂಚಿಯನ್ನು ಮನೆಯಲ್ಲೇ ಇಟ್ಟು ಬಂದರೆ ದೊಡ್ಡ ಉಪಕಾರ.

ಅಕ್ಕೋಳದ ನಮ್ಮ ಕಾಕಾನಿಗೆ ಗಂಟಲ ಕ್ಯಾನ್ಸರ್ ಆಗಿತ್ತು. ರೇಡಿಯೇಶನ್ ಮುಗಿದು ಎರಡು ತಿಂಗಳಾಯಿತು. ರೇಡಿಯೇಶನ್ ಕೊಡುವಾಗ ತಲೆ ಅಲುಗದಂತೆ ಮುಖಕ್ಕೆ ಬಿಗಿಯುತ್ತಿದ್ದ ಜಾಲರಿ ಮುಖವಾಡವನ್ನು ಆಸ್ಪತ್ರೆಯಲ್ಲಿ ಕೇಳಿ ಮನೆಗೆ ತಂದಿದ್ದಾನೆ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ದತ್ತು ಮಾಮಾ ಬಂದರು. ಅಂಗೈಯಲ್ಲಿ ತಂಬಾಕು ತಿಕ್ಕುತ್ತಲೇ ಮರುಗಿದರು. ಕಣ್ಣಲ್ಲಿ ನೀರೂ ಬಂತು, ತಂಬಾಕಿನ ಘಾಟಿಗೋ ಏನೋ.

"ಹಿಂದಕ ಕರೆಂಟ್ ಕೊಟ್ಟರ ಬಾಯಾಗಿನ ಜೊಲ್ಲ ಒಣಗಿ ಹೋಗತಿತ್ತು. ನಿಂದ ಹೆಂಗೈತೋ?" ಎಂದು ರೇಡಿಯೇಶನ್ ಬಗ್ಗೆ ಕೇಳಿದರು.

"ಈಗಿನ ಮಷೀನ್ ಭಾಳ ಶ್ಯಾಣ್ಯಾ ಐತಿ. ಬರೇ ಗಂಟ ಹುಡುಕಿ ಸುಟ್ಟೈತಿ, ಜೊಲ್ಲಿನ ಗ್ರಂಥಿ ಉಳಿಸೈತಿ," ಎಂದು ಕಾಕಾ ಬೀಗಿದ. ಆಮೇಲೆ ಮಾಮಾನ ಅಂಗೈ ನೋಡಿದವನೇ ಮುಖವಾಡ ಎತ್ತಿ ಅವರ ಮುಖಕ್ಕೆ ಒತ್ತಿದ. ಮೂಗೇ ಒಳಗೆ ಹೋಗಲಿಲ್ಲ.

"ಇದ ನನ್ನ ಅಳತಿದ. ನಿನಗ ಬ್ಯಾರೆ ಮಾಡಸಬೇಕಾಗತೈತಿ ನೋಡ."

ಮಾಮಾ ತಂಬಾಕನ್ನು ಅಲ್ಲೇ ಚೆಲ್ಲಿ, "ಅರೇ ದೇವಾ" ಎನ್ನುತ್ತ ಎದ್ದು ಹೋದರು. ಸಂಚಿ ಮಾತ್ರ ಮಂಚದ ಮೇಲೆಯೇ ಉಳಿಯಿತು. ಕಾಕಾ ಅದನ್ನೇ ನೋಡುತ್ತ ಎರಡು ಸಲ ಜೊಲ್ಲು ನುಂಗಿದ.

ಬಾಗಿಲಲ್ಲಿ ನಿಂತಿದ್ದ ಕಾಕಾನ ಹೆಂಡತಿ, ನಮ್ಮ ಕಾಕು, ಇದನ್ನು ಕಂಡಳು. "ಡಾಕ್ಟರ್ ಅಷ್ಟ ಕಷ್ಟಪಟ್ಟ ಜೊಲ್ಲ ಉಳಿಸಿದ್ದ ಇದಕ್ಕೇನ್ರಿ?" ಎಂದವಳೇ ಸಂಚಿಯನ್ನು ಒಲೆಗೆ ಹಾಕಿ, ಮುಖವಾಡವನ್ನು ತಂದು ಕಾಕಾನ ಮುಖಕ್ಕೆ ಒತ್ತಿದಳು.

ಅಳತೆ ಸರಿಯಾಗಿಯೇ ಇತ್ತು.