ದೊಡ್ಡವ್ವ ಒಪ್ಪಿಸಿದ ಪಾಠ

ಕಳೆದ ವಾರ ಲಕ್ಷ್ಮೇಶ್ವರದಿಂದ ಒಂದು ಲಗ್ನಪತ್ರಿಕೆ ಬಂತು. ಅಂಚಿಗೆ ಹಚ್ಚಿದ್ದ ಅರಿಶಿನ ಬೆರಳಿಗೆ ಅಂಟಿಕೊಂಡಿತು. ಆ ವಾಸನೆಗೆ ಎದುರುಮನೆಯ ದೊಡ್ಡವ್ವ ನೆನಪಾದಳು...

ಆಗ ನಾನು ಅಸುಂಡಿಯಲ್ಲಿ ವಯಸ್ಕರಿಗೆ ಅಕ್ಷರ ಕಲಿಸುತ್ತಿದ್ದೆ. ಮಧ್ಯಾಹ್ನ ಗುಡಿಯ ಪೌಳಿಯಲ್ಲಿ ಹನ್ನೊಂದು ಹೆಣ್ಣುಮಕ್ಕಳು ಕೂಡುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದು ಕಸ ಹೊಡೆದು ಚಾಪೆ ಹಾಸುತ್ತಿದ್ದವಳು ದೊಡ್ಡವ್ವ. ಓಣಿಯಲ್ಲಿ ನನ್ನನ್ನು ‘ಲೇ ತಮ್ಮಾ’ ಎಂದು ಕರೆಯುವವಳು ಅಲ್ಲಿ ಮಾತ್ರ ‘ಸರ’ ಎನ್ನುತ್ತಿದ್ದಳು. ಮೊಮ್ಮಗಳ ಮದುವೆ ನಿಶ್ಚಯವಾಗಿತ್ತು; ಆ ಲಗ್ನಪತ್ರಿಕೆಯನ್ನು ತಾನೇ ಓದಬೇಕೆಂಬುದು ಅವಳ ಆಸೆ. ಮೊದಲ ದಿನವೇ ಹೇಳಿದ್ದಳು. ನಾನು ನಕ್ಕು, ಪುಸ್ತಕದ ಮೊದಲ ಪುಟ ತೆಗೆಸಿದ್ದೆ.

ಗದಗಿನಿಂದ ಸಾಹೇಬರು ಪರೀಕ್ಷೆ ಮಾಡಲು ಬರುತ್ತಾರೆಂದು ತಿಳಿದಾಗ ಒಬ್ಬರಿಗೂ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ನನಗೆ ಹೆಸರು ಕೆಡುವ ಭಯ. ಒಂದು ಪಾಠವನ್ನು ಬಾಯಿಪಾಠ ಮಾಡಿಸಿದೆ. ಬೆರಳು ಯಾವ ಸಾಲಿನ ಮೇಲಿರಬೇಕೆಂಬುದನ್ನೂ ಹೇಳಿಕೊಟ್ಟೆ. ದೊಡ್ಡವ್ವ ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಸಾಹೇಬರು ಶಭಾಷ್ ಎಂದರು. ಓದುವುದೆಂದರೆ ಅದೇ ಎಂದು ಅವಳು ನಂಬಿದ್ದಳು. ತನಗೆ ಓದಲು ಬಂತೇನು ಎಂದು ಆಮೇಲೆ ಕೇಳಿದಾಗ, ಬಂತು ಎಂದುಬಿಟ್ಟೆ.

ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ, ಮನೆ ತುಂಬ ನೆಂಟರು. ತಾನು ಓದುತ್ತೇನೆಂದು ಅವಳೇ ಕೇಳಿ ಇಸಿದುಕೊಂಡಳಂತೆ. ಬೆರಳಿಟ್ಟಳಂತೆ... ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಯಾರೋ ನಕ್ಕರು. ಪತ್ರಿಕೆ ಹಿಡಿದುಕೊಂಡು ನೇರ ನಮ್ಮ ಮನೆಗೆ ಬಂದಳು.

“ಸರ, ನನಗ ಓದಾಕ ಬರತೈತಿ ಅಂದಿದ್ರಿ. ಇದ್ಯಾಕ ಬರವಲ್ದು?”

ನಿಜ ಹೇಳಬಹುದಿತ್ತು. ಹೇಳಲಿಲ್ಲ.

“ನಿನಗ ವಯಸ್ಸಾತಲ್ಲ ದೊಡ್ಡವ್ವ. ಕಲಿತದ್ದು ತಲ್ಯಾಗ ನಿಂದ್ರೂದಿಲ್ಲ.”

ಅವಳು ಪತ್ರಿಕೆಯನ್ನು ಮಡಚಿಕೊಂಡಳು.

“ಇರಬೇಕು ಬಿಡ್ರಿ. ನೀವು ಛಲೋನ ಕಲಿಸೀರಿ.”

ಮತ್ತೆ ಅವಳು ಪೌಳಿಯತ್ತ ಬರಲಿಲ್ಲ. ಎದುರುಬದುರು ಮನೆ, ದಾಟಿ ಹೋಗಿ, ತಪ್ಪು ನನ್ನದು ಎನ್ನಲು ಎಷ್ಟು ಹೊತ್ತು ಬೇಕಿತ್ತು? ಇಂದು, ನಾಳೆ ಎನ್ನುತ್ತಲೇ ವರ್ಷಗಳು ಕಳೆದವು. ತನ್ನ ತಲೆಗೇ ಹತ್ತಲಿಲ್ಲ ಎಂದುಕೊಂಡೇ ಅವಳು ಹೋಗಿಬಿಟ್ಟಳು.

ಈಗ ಮುಂಡರಗಿಯಲ್ಲಿ, ವಯಸ್ಕರಿಗೆ ಕಲಿಸುವವರಿಗೆ ನಾನೇ ತರಬೇತಿ ಕೊಡುತ್ತೇನೆ. ಕಲಿಯಲು ಬಂದವರಿಗೆ ಏನನ್ನು ಓದುವ ಆಸೆಯಿದೆ, ಮೊದಲು ಅದನ್ನು ಕೇಳಿ, ಅಲ್ಲಿಂದಲೇ ಶುರುಮಾಡಿ, ಬಾರದ್ದನ್ನು ಬಂತು ಎನ್ನಬೇಡಿ ಎನ್ನುತ್ತೇನೆ. ಎಲ್ಲರೂ ಬರೆದುಕೊಳ್ಳುತ್ತಾರೆ. ನಿನ್ನೆ ಒಬ್ಬ ಹೆಣ್ಣುಮಗಳು, ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದಳು.

ಪುಸ್ತಕದಲ್ಲಿ ಓದಿದ್ದು ಎಂದೆ.