ಪಾದರಸ ಊದಿದ ಸಾಮಿಯಾತಾಳ್

ಕೋಯಮತ್ತೂರು ಸೀಮೆಯ ಸಿರುಮುಗೈಯಲ್ಲಿ ನನ್ನ ಮನೆಯ ಎದುರು ಮನೆ ಗೋಪಾಲಸಾಮಿಯದು. ಅವನ ಅಕ್ಕ ಸಾಮಿಯಾತಾಳ್. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡ ಸತ್ತು ತವರಿಗೆ ವಾಪಸು ಬಂದವಳು. ಬಂದವಳನ್ನು ಮಗ್ಗದ ಮೂಲೆಯಲ್ಲಿ ಕೂರಿಸಿದರು. ತಲೆ ಅರ್ಧ ನರೆತರೂ ಅವಳು ಅಲ್ಲೇ ಇದ್ದಳು.

ಆ ಮೂಲೆ ಎಂಥದು ಎಂದು ಹೇಳಬೇಕು. ಹಾಸು, ಅಂದರೆ ಬಟ್ಟೆಯ ಉದ್ದದ ನೂಲು, ಗೋಡೆಯಿಂದ ಗೋಡೆಗೆ ಬಿಗಿದಿರುತ್ತದೆ. ಈಚೆ ಗುಂಡಿಯಲ್ಲಿ ಕಾಲಿಟ್ಟು ಗೋಪಾಲಸಾಮಿ ನೇಯುತ್ತಾನೆ. ಹಾಸಿನ ಆಚೆ, ಕಿಟಕಿಯಿಲ್ಲದ ಕಡೆ, ಸಾಮಿಯಾತಾಳಿನ ರಾಟೆ. ಹೊರಗೆ ಬರಬೇಕೆಂದರೆ ಹಾಸಿನ ಅಡಿಯಲ್ಲಿ ತೆವಳಬೇಕು. ಅವಳು ಕಂಡಿಕೆ ಎಂಬ ಸಣ್ಣ ಕಡ್ಡಿಗೆ ನೂಲು ಸುತ್ತಿ, ಕಂಡಿಕೆಯನ್ನು ಲಾಳಿಯೊಳಗೆ ಕೂರಿಸಿ, ಲಾಳಿಯ ಪಕ್ಕದ ತೂತಿಗೆ ಬಾಯಿಟ್ಟು ನೂಲಿನ ತುದಿಯನ್ನು ಹೀರಿ ಹೊರಗೆಳೆಯಬೇಕು. ನೂಲಿನ ಜೊತೆ ಹತ್ತಿಯ ಧೂಳು, ಬಣ್ಣ ಎಲ್ಲವೂ ಬಾಯಿಗೆ ಬರುತ್ತದೆ. ಉಗಿಯುವುದಕ್ಕೂ ಅಲ್ಲಿ ಜಾಗವಿಲ್ಲ.

ಮೂವತ್ತಾರನೇ ಇಸವಿಯಲ್ಲಿ ಅವಳಿಗೆ ಒಂದು ದಾರಿ ತೆರೆಯಿತು. ಸತ್ತ ಗಂಡನ ತಂಗಿ ಜಾನಮ್ಮ ಧಾರಾಪುರದಲ್ಲಿ ಇಡ್ಲಿ ಅಂಗಡಿ ಇಟ್ಟಿದ್ದಳು. ಒಂದು ದಿನ ಬಂದು, "ಅತ್ತಿಗೇ, ನನ್ನ ಜೊತೆ ಬಂದ್ಬಿಡು. ಹೊಳೆ ದಂಡೆ, ಒಳ್ಳೆ ಗಾಳಿ. ಇಬ್ರೂ ಇಡ್ಲಿ ಬೇಯಿಸ್ಕೊಂಡು ಇರಾಣ" ಎಂದಳು. ಶಿವರಾತ್ರಿ ಬರುವ ಮಾಸಿ ತಿಂಗಳು ಕಳೆದ ಮೇಲೆ ಕರೆದುಕೊಂಡು ಹೋಗುವುದಾಗಿ ಮಾತಾಯಿತು.

ಗೋಪಾಲಸಾಮಿ ಬೇಡ ಎನ್ನಲಿಲ್ಲ. "ಹೋಗಕ್ಕಾ. ತಂಗಮಣೀನ ಪಳ್ಳಿಕೂಡದ ಓದು ಬಿಡ್ಸಿ ನಿನ್ನ ಜಾಗದಲ್ಲಿ ಕೂರಿಸ್ತೀನಿ" ಎಂದ.

ತಂಗಮಣಿ ಅವನ ಒಬ್ಬಳೇ ಮಗಳು. ತಾಯಿ ಇಲ್ಲದ ಹುಡುಗಿಯನ್ನು ಸಾಮಿಯಾತಾಳೇ ಸಾಕಿದ್ದಳು. ಐದನೇ ಕ್ಲಾಸಿನಲ್ಲಿ ಓದುತ್ತಿದ್ದಳು. ಸೋದರತ್ತೆ ಹೊರಗೆ ಬಂದರೆ ಸೋದರಸೊಸೆ ಒಳಗೆ ಹೋಗಬೇಕು! ಇದೇನು ನ್ಯಾಯ ಎಂದು ನಾನು ಬೀದಿಯಲ್ಲಿ ನಿಂತು ಕೇಳಿದೆ. "ನಿನ್ನ ಮಗ್ಗ ನೀನು ನೋಡ್ಕೋ" ಎಂದ ಆ ಮೂರ್ಖ.

ಅದೇ ಹೊತ್ತಿಗೆ ಕೋಯಮತ್ತೂರಿನಿಂದ ಒಬ್ಬ ಡಾಕ್ಟರು ಪಳ್ಳಿಕೂಡಕ್ಕೆ ಬಂದರು. ಮಕ್ಕಳ ಉಸಿರಿನ ಬಲ ಅಳೆಯುವುದಕ್ಕೆ, ಅದೂ ಆರೋಗ್ಯವಾಗಿರುವ ಮಕ್ಕಳದು. ಒಳ್ಳೆಯ ಎದೆಗೆ ಎಷ್ಟು ಬಲ ಇರುತ್ತದೆ ಎಂದು ತಿಳಿದರೆ ತಾನೇ ಕೆಟ್ಟ ಎದೆ ಎಷ್ಟು ಕೆಟ್ಟಿದೆ ಎಂದು ಹೇಳಲು ಸಾಧ್ಯ ಎಂದು ಅವರು ನಮಗೆಲ್ಲ ಬಿಡಿಸಿ ಹೇಳಿದರು. ಎದೆ ಸೋತ ಮಕ್ಕಳನ್ನು ಹತ್ತಿ ಧೂಳಿನ ಹತ್ತಿರ ಬಿಡಬೇಡಿ ಎಂದೂ ಹೇಳಿದರು. ಈ ಎರಡನೆಯ ಮಾತು ಸಾಮಿಯಾತಾಳಿನ ಕಿವಿಗೆ ಬಿತ್ತು.

ಡಾಕ್ಟರ ಹತ್ತಿರ ಇದ್ದದ್ದು ಬಗ್ಗಿಸಿದ ಗಾಜಿನ ಕೊಳವೆ, ಅದರೊಳಗೆ ಪಾದರಸ, ಹಿಂದೆ ಗೆರೆ ಹಾಕಿದ ಹಲಗೆ. ಮಗುವಿನ ಮೂಗು ಹಿಡಿದು, ಬಾಯಿಗೆ ರಬ್ಬರ್ ಕೊಳವೆ ಕೊಟ್ಟು, ಮೊದಲು ಊದಿಸುವುದು, ಆಮೇಲೆ ಹೀರಿಸುವುದು. ಪಾದರಸ ಯಾವ ಗೆರೆಗೆ ಮುಟ್ಟಿತೋ ಅದು ಆ ಮಗುವಿನ ಬಲ. ಮಾರನೇ ದಿನ ಅಳೆಯುವಾಗ ಹೆತ್ತವರೆಲ್ಲ ಪಳ್ಳಿಕೂಡದ ಜಗಲಿಯ ಮೇಲೆ ಸೇರಿದ್ದೆವು.

"ಡಾಕ್ಟರಯ್ಯಾ, ನಮ್ಮಪ್ಪ ಬೈಯೋವಾಗ ಅಳೀರಿ, ಗಾಜು ಒಡೆದೋಗ್ತದೆ" ಎಂದಿತು ಒಂದು ಮಗು. ಎಲ್ಲರೂ ನಕ್ಕರು. ನನ್ನ ಮಗನೇ. ಮನೆಗೆ ಬರಲಿ ಎಂದುಕೊಂಡೆ.

ತಂಗಮಣಿಯ ಸರದಿ ಬಂತು. ಊದಿದಳು. ಪಾದರಸ ಅಲುಗಾಡಿತು, ಅಷ್ಟೇ. ಡಾಕ್ಟರು ಮತ್ತೆ ಊದಿಸಿದರು. ಕಿವಿಗಿಡುವ ಕೊಳವೆಯನ್ನು ಬೆನ್ನಿಗೊತ್ತಿ ಕೇಳಿದರು; ಅಲ್ಲೂ ಹುಡುಗಿ ಮೆಲ್ಲಗೇ ಉಸಿರಾಡಿದಳು. ಅವರ ಮುಖ ಬದಲಾಯಿತು. "ಈ ಹುಡುಗಿಯನ್ನು ಆಸ್ಪತ್ರೆಗೆ ತೋರಿಸಿ. ಅಲ್ಲಿಯವರೆಗೆ ಬೇರೆ ಮಕ್ಕಳ ಪಕ್ಕ ಕೂರಿಸಬೇಡಿ" ಎಂದು ಪಾಠ ಹೇಳುವ ವಾತ್ತಿಯಾರ್ ಸೋಮಸುಂದರಂ ಅವರಿಗೆ ಹೇಳಿದರು. ವಾತ್ತಿಯಾರ್ ಅಲ್ಲೇ ಅವಳ ಸ್ಲೇಟು ಕೈಗೆ ಕೊಟ್ಟು ಮನೆಗೆ ಕಳಿಸಿಬಿಟ್ಟರು. ಹುಡುಗಿ ಮನೆ ಮುಟ್ಟುವ ಮೊದಲೇ ಎದೆ ರೋಗ ಎಂಬ ಮಾತು ಬೀದಿ ಮುಟ್ಟಿತ್ತು.

ಗೋಪಾಲಸಾಮಿ ಮಗಳ ಕೈಯಿಂದ ಸ್ಲೇಟು ತೆಗೆದಿಟ್ಟ. ಆಮೇಲೆ, "ಪಳ್ಳಿಕೂಡದವ್ರೇ ಬೇಡ ಅಂದ್ರು. ಕೂತು ಮಾಡೋ ಕೆಲಸ ತಾನೇ, ನಾಳೆಯಿಂದ ರಾಟೆ ಹಿಡೀಲಿ" ಎಂದ.

ಮಾರನೇ ಬೆಳಿಗ್ಗೆ ಅವನು ನೇಯುತ್ತಿರುವಾಗಲೇ ಸಾಮಿಯಾತಾಳ್ ಹಾಸಿನ ಅಡಿಯಲ್ಲಿ ತೆವಳಿ ಹೊರಬಂದಳು. ಅವಳ ಕೂದಲು ಸಿಕ್ಕಿ ಹಾಸಿನ ಎಳೆಗಳು ಕಿತ್ತುಹೋದವು. ಅವನು ಬೈಯುತ್ತಲೇ ಇದ್ದ. ಅವಳು ಹುಡುಗಿಯ ಕೈ ಹಿಡಿದು ಪಳ್ಳಿಕೂಡಕ್ಕೆ ನಡೆದಳು. ಹಿಂದೆ ಅವನು, ಅವನ ಹಿಂದೆ ನಾನು.

"ತಪ್ಪು ನಂದು ಸಾಮಿ" ಎಂದು ಡಾಕ್ಟರ ಮುಂದೆ ನಿಂತಳು. "ಮೆಲ್ಲಗೆ ಊದು ನನ್ನ ಕಣ್ಣೇ ಅಂತ ನಾನೇ ಹೇಳ್ಕೊಟ್ಟೆ. ಧೂಳಿನಿಂದ ತಪ್ಪಿಸ್ಬೇಕಿತ್ತು."

ಡಾಕ್ಟರಿಗೆ ಕೋಪ ಬಂತು. "ಚೆನ್ನಾಗಿರೋ ಮಕ್ಕಳನ್ನ ಹುಡುಕಿಕೊಂಡು ನಾನು ಇಷ್ಟು ದೂರ ಬಂದರೆ, ನೀನು ಚೆನ್ನಾಗಿರೋಳನ್ನೇ ರೋಗಿ ಮಾಡ್ತೀಯಾ?" ಎಂದು ಗದರಿದರು. ಆದರೂ ಕೊಳವೆ ಕೊಟ್ಟರು. ಈ ಸಲ ಹುಡುಗಿ ಊದಿದಾಗ ಪಾದರಸ ಎದ್ದು ನಿಂತಿತು. ಹೀರು ಎಂದಾಗ ಅವಳು ಅತ್ತೆಯ ಹಾಗೆ, ಲಾಳಿಯಿಂದ ನೂಲು ಹೀರುವಂತೆ ಕೆನ್ನೆ ಒಳಗೆಳೆದು ಹೀರಿದಳು. ಪಾದರಸ ಹಲಗೆಯ ತುದಿಗೇ ಹಾರಿತು. ಹಿಂದಿನ ದಿನ ಮಗ್ಗದ ಮನೆಯ ಮಕ್ಕಳೆಲ್ಲ ಹಾಗೇ ಮಾಡಿದ್ದರಂತೆ. ಡಾಕ್ಟರು ಸೂಜಿ ಮೊನೆಯಷ್ಟು ತೂತು ಇದ್ದ ಬೇರೊಂದು ಕೊಳವೆ ಹಾಕಿದರು. ಅಲ್ಲಿ ಗಾಳಿ ಸೋರುವುದರಿಂದ ಕೆನ್ನೆಯ ಬಲ ನಿಲ್ಲುವುದಿಲ್ಲ, ಎದೆಯ ಬಲವೊಂದೇ ನಿಲ್ಲುತ್ತದೆ. ಹಾಗೆ ಅಳೆದರೂ ತಂಗಮಣಿಯದು ಚೆನ್ನಾಗಿಯೇ ಬಂತು.

"ಗಟ್ಟಿ ಎದೆ" ಎಂದರು.

"ಗಟ್ಟಿಯಾ ಸಾಮಿ? ಅಂಗಾದ್ರೆ ಮೂಲೇಲಿ ಕೂತ್ರೆ ಏನೂ ಆಗಲ್ಲ" ಎಂದ ಗೋಪಾಲಸಾಮಿ.

ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಎದೆ ಸೋತಿದೆ ಎಂದರೆ ಮೂಲೆ, ಗಟ್ಟಿ ಇದೆ ಎಂದರೂ ಮೂಲೆ.

"ಅಲ್ಲಿ ಯಾರೂ ಕೂರಬಾರದು" ಎಂದರು ಡಾಕ್ಟರು.

"ನಮ್ಮಕ್ಕ ಕೂತಿಲ್ವಾ? ಏನಾಗೈತೆ ಅವಳಿಗೆ?"

ಡಾಕ್ಟರು ರಬ್ಬರ್ ಕೊಳವೆಯನ್ನು ತೊಳೆದು ಸಾಮಿಯಾತಾಳಿನ ಕೈಗೆ ಕೊಟ್ಟರು. "ಅಯ್ಯೋ, ಮಕ್ಕಳ ಆಟ ನನಗ್ಯಾಕೆ ಸಾಮಿ" ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಊದಿದಳು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಪಾದರಸ ತಂಗಮಣಿಯ ಗೆರೆಯ ಅರ್ಧಕ್ಕೂ ಬರಲಿಲ್ಲ. ಇನ್ನೊಮ್ಮೆ ಊದಲು ಹೋಗಿ ಕೆಮ್ಮು ಹತ್ತಿತು.

ಗೋಪಾಲಸಾಮಿ ಆ ಗೆರೆಯನ್ನೇ ನೋಡುತ್ತಿದ್ದ. ಅವನ ದನಿ ಇಳಿಯಿತು. "ಅಂಗಾದ್ರೆ ಯಾರು ಕೂರೋದು? ಮಗ್ಗ ಮುಚ್ಚಲಾ? ತಿನ್ನೋದೇನು?"

ಡಾಕ್ಟರು ಕೊಳವೆ ಎತ್ತಿಡತೊಡಗಿದರು. ನಾನೂ ಅವನಿಂದ ಒಂದು ಹೆಜ್ಜೆ ಹಿಂದೆ ಸರಿದೆ. ನನ್ನ ಮನೆಯಲ್ಲೂ ಮಗ್ಗವೇ.

ಸಾಮಿಯಾತಾಳ್ ಕೆಮ್ಮು ನಿಂತ ಮೇಲೆ ಹೇಳಿದಳು: "ನಂದು ಕೆಟ್ಟಾಯ್ತು. ಇನ್ನೊಂದು ಎದೆ ಯಾಕೆ ಕೆಡಿಸ್ಬೇಕು? ನಾನು ಧಾರಾಪುರಕ್ಕೆ ಹೋಗಲ್ಲ, ನಾನೇ ಕೂರ್ತೀನಿ. ಇವಳು ಎಂಟನೇ ಕ್ಲಾಸು ಮುಗಿಸೋ ಗಂಟ ರಾಟೆ ಮುಟ್ಟಬಾರದು. ವಾತ್ತಿಯಾರ್ ಮುಂದೆ ಹೇಳು."

ಗೋಪಾಲಸಾಮಿ ಹಾಗೇ ಮಾತು ಕೊಟ್ಟ. ವಾತ್ತಿಯಾರ್ ತಂಗಮಣಿಯನ್ನು ಬೆಂಚಿನ ಮೇಲೆ ಕೂರಿಸಿಕೊಂಡರು. ಮಾಸಿ ಕಳೆದ ಮೇಲೆ ಸಾಮಿಯಾತಾಳನ್ನು ಕರೆದೊಯ್ಯಲು ಬಂದ ಜಾನಮ್ಮ ಜಗಳವಾಡಿ, ಅತ್ತು, ಸಂಜೆಯ ಬಸ್ಸಿಗೆ ಒಬ್ಬಳೇ ಹೋದಳು.

ಈಗ ತಂಗಮಣಿ ಏಳನೇ ಕ್ಲಾಸು ಮುಗಿಸುತ್ತಿದ್ದಾಳೆ. ಸಾಮಿಯಾತಾಳಿನ ಕೆಮ್ಮು ನನ್ನ ಮಗ್ಗದ ಸದ್ದನ್ನೂ ದಾಟಿ ಕೇಳಿಸುತ್ತದೆ. ಮೊನ್ನೆ ತಡೆಯಲಾರದೆ ಹೋಗಿ, "ಅಕ್ಕಾ, ಕೋಯಮತ್ತೂರಿಗೆ ನಡಿ, ಆ ಡಾಕ್ಟರಿಗೆ ತೋರ್ಸಾಣ, ಇನ್ನೊಂದು ಸಲ ಅಳೀಲಿ" ಎಂದು ಕೂಗಾಡಿದೆ.

"ಅಳೆದ್ರೆ ಜಾಸ್ತಿ ಆಗ್ತದಾ ತಮ್ಮಾ? ಇನ್ನೊಂದು ವರ್ಷ ತಾನೇ" ಎಂದು ಅವಳು ಲಾಳಿಗೆ ಬಾಯಿಟ್ಟಳು. ನೂಲು ಒಂದೇ ಸಲಕ್ಕೆ ಬರಲಿಲ್ಲ.