ಕುಳಿತವರು, ನಿಂತವರು

ಕಳೆದ ಜನವರಿಯ ಎರಡನೇ ಶನಿವಾರ, ದುರ್ಗದಬೈಲಿನ ಒಂದು ಮಹಡಿ ಕೋಣೆಯ ಗೋಡೆಯಿಂದ ಚೌಕಟ್ಟು ಹಾಕಿದ ಫೋಟೊವೊಂದನ್ನು ಕೆಳಗಿಳಿಸಲಾಯಿತು. ಅದು ತೂಗುತ್ತಿದ್ದ ಕಡೆ ಸುಣ್ಣ ನಿನ್ನೆ ಬಳಿದಂತೆ ಬೆಳ್ಳಗಿತ್ತು. ಸುತ್ತಲಿನ ಗೋಡೆ ಮಾತ್ರ ಬೀಡಿಯ ಹೊಗೆ ಕುಡಿದು, ವಾದವಿವಾದ ಕೇಳಿ ಕಂದಿಹೋಗಿತ್ತು.

ಅದು ಊರಿಗೆ ಬೆಳಕು, ನೀರು ಕೊಡುವವರ ಸಂಘಗಳ ಒಕ್ಕೂಟದ ಕಚೇರಿ. ಲೈನ್‌ಮನ್‌ಗಳದು ಒಂದು ಸಂಘ, ವಿದ್ಯುತ್ ಕೇಂದ್ರದ ಆಪರೇಟರುಗಳದು ಇನ್ನೊಂದು, ನೀರು ಬಿಡುವ ವಾಲ್ವ್‌ಮನ್‌ಗಳದು ಮತ್ತೊಂದು. ಕಸುಬಿಗೊಂದು ಸಂಘ, ಎಲ್ಲಕ್ಕೂ ಸೇರಿ ಒಕ್ಕೂಟ. ಕಟ್ಟಡ ಕೆಡವುತ್ತಾರೆಂದು ಅದರ ಹಳೆಯ ಕಾಗದಪತ್ರಗಳು ವಿದ್ಯಾನಗರದ ಕಾಲೇಜೊಂದರ ಸಂಗ್ರಹಾಲಯಕ್ಕೆ ಹೊರಟಿದ್ದವು. ನಾನು ಪತ್ರಿಕೆಯ ಸುದ್ದಿಮನೆಯಲ್ಲಿ ತಲೆ ನರೆತವನು. ಯಾವ ಕಟ್ಟಿನಲ್ಲಿ ಏನಿದೆಯೆಂದು ವಿವರ ಬರೆದುಕೊಡಲು ಒಕ್ಕೂಟದ ಕಾರ್ಯದರ್ಶಿ ಶಿವಾನಂದ ಕಾಕಾ ನನ್ನನ್ನು ಕರೆದಿದ್ದರು.

ಆ ಕಾಗದಗಳನ್ನು ಓದುವುದೇ ಒಂದು ಸೊಗಸು. ಪಂಪ್‌ಹೌಸಿನ ಬಲ್ಬು ಸುಟ್ಟರೆ ಬದಲಿಸುವ ಹಕ್ಕು ನೀರಿನವರದೋ ಕರೆಂಟಿನವರದೋ ಎಂಬ ಪ್ರಶ್ನೆಯನ್ನು ಸಭೆಯಿಂದ ಸಭೆಗೆ ಮುಂದೂಡುತ್ತ ಹೋಗಿದ್ದಾರೆ. ಅಲ್ಲಿಯವರೆಗೆ ಪಂಪ್‌ಹೌಸಿನವರು ಕಂದೀಲು ಹಚ್ಚಿಕೊಂಡು ಕೂತಿದ್ದಾರೆ. ನಗಬೇಡಿ ಗೆಳೆಯರೇ, ಕಸುಬಿನ ಗಡಿ ಕಾಯುವವರು ಅದರೊಳಗಿನ ಮಾನವನ್ನೂ ಕಾಯುತ್ತಾರೆ. ಗಡಿಯಾಚೆ ನಿಂತವರು ಯಾರೆಂಬ ಪ್ರಶ್ನೆ ಮಾತ್ರ ಆ ನಡಾವಳಿಗಳಲ್ಲಿ ಎಲ್ಲೂ ಬರುವುದಿಲ್ಲ. ಆಗ ನನಗೂ ಹೊಳೆಯಲಿಲ್ಲ.

ಇನ್ನು ಫೋಟೊ. ಮುಂದೆ ಕುರ್ಚಿಗಳಲ್ಲಿ ಪದಾಧಿಕಾರಿಗಳು, ಹಿಂದೆ ಕಸುಬಿನ ಪ್ರಕಾರ ಸದಸ್ಯರು, ಎಲ್ಲರ ಅಂಗಿಗೂ ಇಸ್ತ್ರಿ. ಅವರ ಹಿಂದೆ ಒಂದು ಕಂಬ, ಕಂಬಕ್ಕೊಂದು ಏಣಿ, ಏಣಿಯ ತುದಿಯಲ್ಲಿ ಒಬ್ಬ ತರುಣ, ಮುಖ ನಮ್ಮ ಕಡೆಗೆ. ಅಡಿಯಲ್ಲಿ ಮುತ್ತಿನಂಥ ಅಕ್ಷರಗಳು: ‘ಕುಳಿತವರು, ಎಡದಿಂದ ಬಲಕ್ಕೆ’, ‘ನಿಂತವರು, ಎಡದಿಂದ ಬಲಕ್ಕೆ’. ಎರಡರ ಮುಂದೆಯೂ ಹೆಸರುಗಳ ಸಾಲು. ಹಾಗೆಯೇ ನಕಲು ಮಾಡಿಕೊಂಡೆ. ಖಜಾಂಚಿಯ ಇನಿಷಿಯಲ್ ಮಾಸಿತ್ತು. ಕಾಕಾರನ್ನು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡೆ.

ಕಟ್ಟುಗಳನ್ನು ಟೆಂಪೊಗೆ ಹೊರಲು ಬಂದಿದ್ದ ನಡುವಯಸ್ಸಿನವನೊಬ್ಬ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ.

“ಏಣಿ ಮ್ಯಾಲಿರಾಂವ ನಾನ ರೀ ಸಾಹೇಬ್ರ.”

ಕಾಕಾ ನಕ್ಕರು. “ಹೌದ್ರಿ, ಇಂವನ. ಗುತ್ತಿಗಿ ಗ್ಯಾಂಗಿನ್ಯಾಗಿದ್ದ. ಬರೇ ಕಂಬ ಇದ್ರ ಫೋಟೊ ಬೋಳಬೋಳ ಕಾಣತೈತಿ ಅಂದಾ ಫೋಟೊದಾಂವ. ನಮ್ಮವ್ರೆಲ್ಲಾ ಇಸ್ತ್ರಿ ಅಂಗಿ ಹಾಕ್ಕೊಂಡ ಬಂದಿದ್ರು, ಯಾರ್ ಏರತಾರ? ಇಂವನ್ನ ಏರಿಸಿದ್ವಿ.”

“ಏರಿಸಿದ್ರಿ, ಇಳಿ ಅನ್ನೂದ ಮರತ್ರಿ ಕಾಕಾ. ನೀವೆಲ್ಲಾ ಚಹಾ ಕುಡ್ಯಾಕ ಹೋದ್ರೂ ನಾ ಅಲ್ಲೇ ಇದ್ನಿ.”

“ಕೈ ಹಿಡದ ಇಳಸಾಕ ನೀ ಏನ್ ಮದಿಮಗ ಏನಲೇ?”

ಮೂವರೂ ನಕ್ಕೆವು. ಆಮೇಲೆ ಅವನು ದನಿ ತಗ್ಗಿಸಿದ. “ನನ್ನ ಹೆಸರೂ ಒಂದೀಟ ಸೇರಸ್ರಲಾ ಸಾಹೇಬ್ರ. ಮಗಳು ಅದ ಕಾಲೇಜಿನ್ಯಾಗ ಕಲಿಯಾಕತ್ತಾಳ. ಫೋಟೊದಾಗ ನಾನೂ ಅದೇನಿ ಅಂತ ಹೇಳೇನಿ. ಆಕಿ ಹೋಗಿ ಓದತಾಳ, ನೋಡ್ರಿ.”

“ಮೂಲದಾಗ ಇಲ್ಲದ್ದನ್ನ ಸೇರಸಾಕ ಬರೂದಿಲ್ಲಪಾ,” ಎಂದೆ. ಸುದ್ದಿಮನೆ ನನಗೆ ಕಲಿಸಿದ್ದೇ ಅದು.

“ಅಂವ ಮೆಂಬರೂ ಅಲ್ಲ ಬಿಡ್ರಿ,” ಎಂದು ಕಾಕಾ ನನ್ನ ಮಾತಿಗೆ ಮೊಹರು ಒತ್ತಿದರು.

“ಅದೂ ಖರೇನ ರೀ,” ಎಂದ ಅವನು. ಫೋಟೊವನ್ನು ಹಳೆಯ ಸೀರೆಯೊಂದರಲ್ಲಿ ಸುತ್ತಿ, ಎದೆಗವಚಿಕೊಂಡು ಮೆಟ್ಟಿಲಿಳಿದ.

ಅವನನ್ನೂ ಹತ್ತಿಸಿಕೊಂಡು ಟೆಂಪೊ ಹೊರಟ ಸದ್ದು ಕೇಳಿದ ಮೇಲೆ ನನ್ನ ಮುಖ ಬಿಸಿಯಾಯಿತು. ಹೊಸ ವರದಿಗಾರರಿಗೆ ನಾನು ಹೇಳಿಕೊಡುವ ಮೊದಲ ಪಾಠ, ಹೆಸರು ಕೇಳು, ಬರೆಯುವುದು ಬಿಡುವುದು ಆಮೇಲಿನ ಮಾತು ಎಂಬುದು. ಹೆಸರು ಸೇರಿಸಲಾಗದು ಎಂದ ನಾನು ಯಾವ ಹೆಸರು ಎಂದು ಕೇಳಿರಲಿಲ್ಲ. ಮಗಳ ಹೆಸರನ್ನೂ ಕೇಳಿರಲಿಲ್ಲ.

“ಕಾಕಾ, ಅಂವನ ಹೆಸರೇನ್ರಿ?”

“ಹೆಸರ?” ಕಾಕಾ ಕನ್ನಡಕ ತೆಗೆದು ಒರೆಸಿದರು. “ನಾವೆಲ್ಲಾ ಏಣಿ ಅಂತಿದ್ವಿ ನೋಡ್ರಿ. ಏಣಿ, ಬಾರಲೇ ಅಂದ್ರ ಬರತಿದ್ದ. ಈಗೂ ಹಂಗ ಕರದ್ನಿ, ಬಂದ.”

ದೀಪ ಬೆಳಗಿಸಿದ ಗಣ್ಯರ ಹೆಸರನ್ನು ಒಂದು ಒತ್ತಕ್ಷರ ತಪ್ಪದಂತೆ ಎಷ್ಟು ಚಿತ್ರಗಳ ಕೆಳಗೆ ಬರೆದಿದ್ದೇನೋ! ಪಕ್ಕದಲ್ಲಿ ಮೇಣದಬತ್ತಿ ಹಿಡಿದು ನಿಂತ ಹುಡುಗಿ ಯಾರೆಂದು ಒಮ್ಮೆಯೂ ವಿಚಾರಿಸಿದ್ದಿಲ್ಲ. ಬೀದಿಯಲ್ಲಿ ಕರೆಂಟು ಹೋದರೆ, ಯಾರೋ ಕಂಬ ಹತ್ತಿದ್ದಾರೆ, ಈಗ ಬರುತ್ತದೆ ಎಂದು ನಿಶ್ಚಿಂತೆಯಿಂದ ಬೀಸಣಿಗೆ ಹುಡುಕುವ ಮಂದಿ ನಾವು. ಬೆಳಕು ಬಂದೊಡನೆ ಆ ಯಾರೋ ಕತ್ತಲಿಗೆ ಸೇರುತ್ತಾನೆ. ನಾನು ಶಿಸ್ತು ಎಂದುಕೊಂಡದ್ದು ಹಲವು ಸಲ ಬರೀ ಅಲಕ್ಷ್ಯ. ಎರಡೂ ಇಸ್ತ್ರಿ ಅಂಗಿ ತೊಟ್ಟು ಒಂದೇ ಸಾಲಿನಲ್ಲಿ ನಿಂತಿರುವಾಗ ಇದು ಯಾವುದು, ಅದು ಯಾವುದು ಎಂದು ಗುರುತು ಹತ್ತುವುದಿಲ್ಲ.

ವಿವರದ ಹಾಳೆಯನ್ನು ಅಂದೇ ಸಂಜೆ ಕಾಲೇಜಿಗೆ ತಲುಪಿಸಬೇಕಿತ್ತು. ಇಂಥ ಕಡೆ ‘ಹೆಸರು ತಿಳಿದುಬಂದಿಲ್ಲ’ ಎಂದು ಬರೆಯುವುದು ನಮ್ಮಲ್ಲಿ ವಾಡಿಕೆ, ತಪ್ಪು ಆ ಹೆಸರಿನದೇ ಎಂಬಂತೆ. ನಾನು ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ‘ಏಣಿಯ ಮೇಲೆ: ಗುತ್ತಿಗೆ ಕಾರ್ಮಿಕರೊಬ್ಬರು. ವಿವರ ಬರೆದವನು ಹೆಸರು ಕೇಳಲಿಲ್ಲ.’

ಫೋಟೊ ಈಗ ಸಂಗ್ರಹಾಲಯದ ಬಾಗಿಲ ಬಳಿ ತೂಗುತ್ತಿದೆ. ಪಕ್ಕದಲ್ಲಿ ನನ್ನ ಹಾಳೆಯನ್ನು ಅಂಟಿಸಿದ್ದಾರೆ. ಕಳೆದ ವಾರ ಹೋಗಿ ನೋಡಿದೆ. ನನ್ನ ಕೊನೆಯ ಸಾಲನ್ನು ನೀಲಿ ಪೆನ್ನಿನಿಂದ ಹೊಡೆದುಹಾಕಲಾಗಿದೆ. ಅದರ ಮೇಲೆ ದುಂಡು ಅಕ್ಷರಗಳಲ್ಲಿ ಬರೆದಿದೆ: ಪರಶುರಾಮ ಯಲ್ಲಪ್ಪ ಮಾದರ.